ಅಟ್ಟ ಹತ್ತುವ ಮೊದಲು

ನಮ್ಮ ಕಡೆಯ ಬಯಲಾಟವಾದ ದೊಡ್ಡಾಟ ಕಲಿಯಲು ಕೂತವನ ಕೈಗೆ ಮೊದಲು ಬರುತ್ತಿದ್ದದ್ದು ಒಂದು ನೋಟುಬುಕ್ಕು. ಮೂಲೆ ಮಡಚಿದ, ಎಣ್ಣೆಯ ಕಲೆ ಹತ್ತಿದ, ಕಂದೀಲಿನ ಬೆಳಕಿನಲ್ಲಿ ಬರೆದುಕೊಂಡ ಬುಕ್ಕು. ಅವನ ಪಾತ್ರದ ಮಾತು, ಅವನು ಹಾಡಬೇಕಾದ ಪದ ಅದರಲ್ಲಿ ಇರುತ್ತಿದ್ದವು. ಎದುರಿನವನು ಏನು ಹೇಳುತ್ತಾನೆ, ಯಾವಾಗ ಮೈಮೇಲೆ ಏರಿ ಬರುತ್ತಾನೆ ಅನ್ನುವುದು ತಾಲೀಮಿನಲ್ಲೇ ತಿಳಿಯಬೇಕು. ಕಿರೀಟ, ಭುಜಕೀರ್ತಿ, ಗದೆ ಎಲ್ಲ ಇನ್ನೂ ತಿಂಗಳುಗಟ್ಟಲೆ ದೂರ.

ಕುಂದಗೋಳ ತಾಲೂಕಿನ ನಮ್ಮೂರಲ್ಲಿ ನಾನು ಹೀಗೆ ಬುಕ್ಕು ಹಿಡಿದು ಕೂತವರಲ್ಲಿ ಒಬ್ಬ. ನಮ್ಮಪ್ಪ ಮದ್ದಳೆ ಬಾರಿಸುತ್ತಿದ್ದರು. ಈಗ ಈ ಮಾತು ಬರೆಯಬೇಕು ಅನ್ನಿಸಿದ್ದಕ್ಕೆ ನಮ್ಮಕ್ಕನ ಮಗ ಕಾರಣ. ಹುಬ್ಬಳ್ಳಿಯಲ್ಲಿ ಓದುವ ಹುಡುಗ, ಸೂಟಿಗೆ ಬಂದಾಗ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಡುತ್ತಾನೆ. 2020ರ ಸೆಪ್ಟೆಂಬರ್ 28ರಂದು ಬಿಡುಗಡೆಯಾದ ಚೀನಾದ ಆಟ ಅದು. “ಮಾಮಾ, ಮೊದಲಿಂದ ನೀವ ಶುರು ಮಾಡ್ರಿ, ನಾ ಹೇಳಿಕೊಡ್ತೇನಿ” ಅಂತ ಫೋನು ನನ್ನ ಕೈಗಿಟ್ಟ.

ಅವಳಿ ಅಣ್ಣತಂಗಿಯರಲ್ಲಿ ನೀನು ಯಾರಾಗುತ್ತೀ ಅಂತ ಆಟ ಮೊದಲು ಕೇಳುತ್ತದೆ. ಒಬ್ಬರನ್ನು ಆರಿಸಿದ ಮೇಲೆ ಇನ್ನೊಬ್ಬರನ್ನು ಗುರುತಿಲ್ಲದ ದೇವತೆಯೊಬ್ಬಳು ಕಸಿದೊಯ್ಯುತ್ತಾಳೆ. ಉಳಿದವರು ಹುಡುಕುತ್ತ ಹೊರಡಬೇಕು. ಪೈಮನ್ ಅನ್ನುವ ಸಣ್ಣ ಜೀವವೊಂದು ಪಕ್ಕದಲ್ಲಿ ತೇಲುತ್ತ ಎಲ್ಲದಕ್ಕೂ ಮಾತು ಜೋಡಿಸುತ್ತದೆ, ಕೇಳುತ್ತದೆ, ಹಸಿವು ಅನ್ನುತ್ತದೆ, ದಾರಿ ತೋರಿಸುತ್ತದೆ. ಮುಂದೆ ಬಯಲು, ಕೆರೆ, ಗುಡ್ಡ, ಊರು, ಎಲ್ಲಿ ಬೇಕಾದರೂ ಹೋಗಬಹುದು. ಆದರೆ ಕೈಯಲ್ಲಿರುವುದು ಸಾದಾ ಕತ್ತಿ, ಗುಡ್ಡದ ಅರ್ಧಕ್ಕೇ ದಮ್ಮು ಮುಗಿಯುತ್ತದೆ. ದೇವರ ಪ್ರತಿಮೆಯನ್ನು ಹೋಗಿ ಮುಟ್ಟುವವರೆಗೆ ಆ ಸೀಮೆಯ ನಕ್ಷೆಯೂ ಕಾಣುವುದಿಲ್ಲ. ಪೈಮನ್ನಿನ ಮಾತು ಕೇಳುತ್ತಿದ್ದ ಹಾಗೆ ನಾನು ಅಳಿಯನಿಗೆ ಹೇಳಿದೆ: “ಇದು ನಮ್ಮ ಸಾರಥಿ ಅಲ್ಲೇನೋ!”

ಅವನಿಗೆ ಸಾರಥಿ ಗೊತ್ತಿಲ್ಲ. ಅವನಿಗಾಗಿಯೇ ಇದನ್ನು ಸಾವಕಾಶವಾಗಿ ಹೇಳುತ್ತೇನೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ್ದು ಎರೆಭೂಮಿ. ಹಿಂಗಾರಿ ಜೋಳ, ಕಡಲೆ, ಕುಸುಬಿ ಕಣಕ್ಕೆ ಬಂದು ರಾಶಿ ಮುಗಿದ ಮೇಲೆ ಮುಂದಿನ ಮಳೆಯವರೆಗೆ ರೈತನಿಗೆ ಬಿಡುವು. ಶಿವರಾತ್ರಿ, ಯುಗಾದಿ, ಬಸವ ಜಯಂತಿ, ಊರ ಜಾತ್ರೆ, ಇವುಗಳ ಹೊತ್ತಿಗೆ ಆಟ. ಕಲಘಟಗಿ ಮಲೆನಾಡಿನ ಸೆರಗಿನಲ್ಲಿರುವ ಭತ್ತದ ಸೀಮೆ, ಅಲ್ಲಿಯ ಸುಗ್ಗಿಯ ಲೆಕ್ಕ ಬೇರೆ. “ಈ ವರ್ಷ ಒಂದು ಆಟಾ ಕಲಿಯೂಣ್ರೋ” ಅಂತ ಗುಡಿಯ ಕಟ್ಟೆಯ ಮೇಲೆ ಯಾರೋ ಒಬ್ಬರು ಎತ್ತಿದ ಮಾತು ನಾಲ್ಕು ದಿನದಲ್ಲಿ ಊರ ಮಾತಾಗುತ್ತಿತ್ತು. ಆಮೇಲೆ ಮಾಸ್ತರರನ್ನು ಕರೆಸುವುದು. ಅವರು ಪರವೂರಿನವರು, ತಾಲೀಮು ಮುಗಿಯುವವರೆಗೆ ನಮ್ಮೂರಲ್ಲೇ ವಾಸ, ದಿನಕ್ಕೊಂದು ಮನೆಯ ಊಟ.

ಪಾತ್ರ ಹಂಚುವುದು ದೊಡ್ಡ ನ್ಯಾಯದ ಕೆಲಸ. ರಾಜವೇಷಕ್ಕೆ ಎತ್ತರ ಮತ್ತು ಗಂಟಲು ಬೇಕು, ರಾಕ್ಷಸನಿಗೆ ಎದೆ ಮತ್ತು ಕಾಲು ಬೇಕು, ಸ್ತ್ರೀವೇಷಕ್ಕೆ ಮೀಸೆ ಬಾರದ ಹುಡುಗ ಬೇಕು. ಖರ್ಚಿನ ಪಾಲೂ ಪಾತ್ರಕ್ಕೆ ತಕ್ಕ ಹಾಗೆ ಬೀಳುತ್ತಿತ್ತು, ಹೀಗಾಗಿ ಕಿರೀಟದ ಆಸೆ ಇದ್ದವನು ಮನೆಯಲ್ಲಿ ಜೋಳದ ಚೀಲದ ಲೆಕ್ಕ ಒಪ್ಪಿಸಬೇಕಾಗುತ್ತಿತ್ತು. ಹೊಸಬನಿಗೆ ಸಿಗುತ್ತಿದ್ದದ್ದು ದೂತ, ಚಾರ, ಇಲ್ಲವೆ ಬಾಲಗೋಪಾಲ. ನನಗೂ ಮೊದಲು ಸಿಕ್ಕಿದ್ದು ದೂತನೇ. ರಾಜನ ಓಲೆ ತಂದು ಕೊಟ್ಟು, ತಲೆಬಾಗಿ, ಲಯ ತಪ್ಪದೆ ಹಿಂದೆ ಸರಿಯಬೇಕು. ಹಿಂದೆ ಸರಿಯುವ ಆ ಹೆಜ್ಜೆಯನ್ನೇ ಮಾಸ್ತರರು ಮತ್ತೆ ಮತ್ತೆ ಮಾಡಿಸಿದರು. ಇದರಲ್ಲಿ ಅವರ ತಿಳಿವಳಿಕೆ ಆಳವಾದದ್ದು ಅಂತ ನಾನು ನಂಬುತ್ತೇನೆ. ದೂತನ ಕಾಲು ನಿಂತವನಿಗೆ ಮುಂದೆ ಅರ್ಜುನನ ಕಾಲು ತಾನಾಗಿ ಬರುತ್ತದೆ.

ತಾಲೀಮು ರಾತ್ರಿ. ಹಗಲೆಲ್ಲ ಹೊಲದ ಉಳಿದ ಕೆಲಸ, ಉಂಡ ಮೇಲೆ ಚಾವಡಿಯಲ್ಲೋ ಮಠದ ಪಡಸಾಲೆಯಲ್ಲೋ ತಾಳ ಶುರು. ಸಹಿ ಮಾಡಲು ಬಾರದ ಹಿರಿಯರು ಪುಟಗಟ್ಟಲೆ ಗ್ರಾಂಥಿಕ ಮಾತನ್ನು ಕಿವಿಯಿಂದಲೇ ಕಲಿಯುತ್ತಿದ್ದರು. ಮಗ್ಗುಲ ಮನೆಯವನು ಓದಿ ಹೇಳುವುದು, ಇವರು ಎತ್ತು ಮೇಯಿಸುತ್ತ ಅದನ್ನು ಬಾಯಿಪಾಠ ಮಾಡುವುದು. ದಿನವೂ ‘ಹೌದ್ ಬಿಡಪಾ’ ಅನ್ನುವ ನಾಲಗೆಯಲ್ಲಿ ರಾತ್ರಿ ಉದ್ದುದ್ದ ಸಮಾಸಗಳು ಪ್ರಾಸ ಹಿಡಿದು ಉರುಳುತ್ತಿದ್ದವು. ನೋಡಿ ಓದಲು ಬಲ್ಲವರು ಗದಗಿನ ಶಾಬಾದಿಮಠ ಬುಕ್ ಡಿಪೋದವರು ಅಚ್ಚು ಹಾಕಿಸಿದ ಬಯಲಾಟದ ಪುಸ್ತಕ ತಂದಿಟ್ಟುಕೊಳ್ಳುತ್ತಿದ್ದರು. ಆದರೂ ಮಾಸ್ತರರ ಕೈಬರಹದ ಪ್ರತಿಗೇ ಮರ್ಯಾದೆ ಹೆಚ್ಚು, ಯಾಕೆಂದರೆ ಅದರಲ್ಲಿ ಆ ಊರಿನ ಗಂಟಲಿಗೆ ಹೊಂದಿಸಿದ ಮಟ್ಟುಗಳಿದ್ದವು.

ಆಟದ ರಾತ್ರಿ ರಂಗದ ಅಟ್ಟದ ಮುಂದೆ ಕಂಬಳಿ, ಚಾಪೆ, ತಟ್ಟು ಹಾಸಿಕೊಂಡು ಸುತ್ತಲಿನ ಊರವರು ಕೂಡುತ್ತಿದ್ದರು. ಮೊದಲು ಗಣಪತಿ ಪೂಜೆ, ಸ್ತುತಿ. ಬಾಲಗೋಪಾಲನ ಕುಣಿತ, ಗಣಪತಿ, ಶಾರದೆಯ ವೇಷ. ಭಾಗವತರ ಬೆನ್ನಿಗೆ ಮದ್ದಳೆ, ತಾಳ, ಹಾರ್ಮೋನಿಯಂ. ಮರದ ಆಭರಣಕ್ಕೆ ಅಂಟಿಸಿದ ಬೇಗಡೆ ಗ್ಯಾಸ್‌ಬತ್ತಿಯ ಬೆಳಕಿಗೆ ಹೊಳೆಯುತ್ತಿತ್ತು. ಅದಕ್ಕೂ ಹಿಂದಿನವರು ದೀವಟಿಗೆಯ ಬೆಳಕಿನಲ್ಲಿ ಕುಣಿದವರು.

ಆಮೇಲೆ ಕಥೆಯ ಮುಖ್ಯ ವೇಷ ಬರುತ್ತದೆ. ಪರದೆಯ ಹಿಂದೆ ಆರ್ಭಟ, ಹಲಗೆ ನಡುಗುವ ಹೆಜ್ಜೆ. ಅಷ್ಟಾದರೂ ಬಂದವನು ತಾನಾಗಿಯೇ ಕಥೆಯೊಳಗೆ ಇಳಿಯುವ ಹಾಗಿಲ್ಲ. ಸಾರಥಿ ಅಡ್ಡ ನಿಂತು ಕೇಳುತ್ತಾನೆ: ನೀವು ಯಾರು, ಯಾವ ಪಟ್ಟಣ, ಈ ರಂಗಸ್ಥಳಕ್ಕೆ ಬಂದ ಕಾರಣವೇನು? ಬಂದವನು ತನ್ನ ಕುಲ, ಪರಾಕ್ರಮ, ಊರು, ಉದ್ದೇಶ ಎಲ್ಲ ವಿಸ್ತಾರವಾಗಿ ಹೇಳಬೇಕು. ಸಾರಥಿ ನಡುವೆ ನಗಿಸುತ್ತಾನೆ, ಗೊತ್ತಿಲ್ಲದವನ ಹಾಗೆ ಮತ್ತೆ ಕೇಳುತ್ತಾನೆ. ಆ ಪ್ರಶ್ನೋತ್ತರ ಮುಗಿಯುವ ಹೊತ್ತಿಗೆ ನಮ್ಮ ಓಣಿಯ ಬಡಿಗೇರ ಹೋಗಿ ಇಂದ್ರಜಿತ ಬಂದಿರುತ್ತಾನೆ. ನೋಡುವವರಿಗಷ್ಟೇ ಅಲ್ಲ, ಆಡುವವನಿಗೂ ಹಾಗೆಯೇ. ಮೈಯ ನಡುಕ ನಿಂತು ಗಂಟಲು ತೆರೆಯುವುದು ಸಾರಥಿಗೆ ಮೂರನೆಯ ಉತ್ತರ ಕೊಡುವಾಗ. ಇದನ್ನು ನಾನು ಅಟ್ಟದ ಮೇಲೆ ನಿಂತು ಅನುಭವಿಸಿದ್ದೇನೆ. ಹೊಸಬನನ್ನು ಕಲ್ಪನೆಯ ಲೋಕದೊಳಗೆ ಕೈಹಿಡಿದು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಬೇರೆ ಕಡೆ ಕಂಡಿಲ್ಲ.

ಪಡುವಣ ದೇಶಗಳಲ್ಲಿ ಇಂಥ ಪಾತ್ರದಾಟ ಅಚ್ಚಿನ ನಿಯಮಗಳ ಪೆಟ್ಟಿಗೆಯಾಗಿ ಅಂಗಡಿಗೆ ಬಂದದ್ದು 1974ರಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಕಂಪ್ಯೂಟರಿನ ಪಾತ್ರದಾಟಗಳಿಗೆ ಅದೇ ಬೇರು. 1986ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ‘ದಿ ಲೆಜೆಂಡ್ ಆಫ್ ಜೆಲ್ಡಾ’ ತಂದಾಗ ಹುಡುಗನಾಗಿ ಕ್ಯೋಟೊ ಹತ್ತಿರದ ಗುಡ್ಡ, ಗವಿಗಳಲ್ಲಿ ತಿರುಗಿದ ನೆನಪನ್ನು ಅದರಲ್ಲಿ ತುಂಬಿದರು. ತನ್ನೂರಿನ ನೆಲವನ್ನೇ ಅವರು ಲೋಕಕ್ಕೆ ಕೊಟ್ಟರು ಅನ್ನುವುದು ನನಗೆ ಮುಖ್ಯ.

ನಮ್ಮ ನೆಲಕ್ಕೂ ಆ ಪುಣ್ಯ ಒಮ್ಮೆ ಬಂದಿತ್ತು. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸಸಿಂಘನ ಮನೆತನದವಳು ಅಂತ ಅವನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಹೇಳುತ್ತದೆ. ಆ ತಾಯಿಯ ಮಗ 10ನೇ ಶತಮಾನದಲ್ಲಿ ತನ್ನ ರಾಜ ಅರಿಕೇಸರಿಯನ್ನು ಅರ್ಜುನನ ವೇಷದಲ್ಲಿ ನಿಲ್ಲಿಸಿ ಇಡೀ ಭಾರತವನ್ನು ಕನ್ನಡದಲ್ಲಿ ಕಟ್ಟಿದ. ಇನ್ನು ಈಚೆಗೆ ಬಂದರೆ, ಕರ್ನಾಟಕದ ಭಾಗವತರ ಮೇಳವೊಂದರ ಆಟ ನೋಡಿ ಸಾಂಗ್ಲಿಯ ಪಟವರ್ಧನ ದೊರೆ ಮರಾಠಿಯಲ್ಲೂ ಹೀಗೊಂದು ಬೇಕು ಅಂದದ್ದರಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಅಲ್ಲಿಂದ ಬೆಳೆದ ಮರಾಠಿ ನಾಟಕ ಮತ್ತೆ ನಮ್ಮ ಕಡೆಗೇ ಬಂತು. 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದು ಅದಕ್ಕೆ ಉತ್ತರವಾಗಿ. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಅದೂ ಪಟವರ್ಧನರದೇ. ನಮ್ಮ ಕುಂದಗೋಳದ ಸವಾಯಿ ಗಂಧರ್ವರು (1886–1952) ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಹಾಡಿ ಹೆಸರಾದರು. ಟಿಕೀಟು, ಪರದೆ, ಕಂಪನಿ ಅಂತ ನಾಟಕ ಪೇಟೆ ಹಿಡಿದಾಗ ದೊಡ್ಡಾಟ ಹಳ್ಳಿಯ ಗುಡಿಯ ಮುಂದೆಯೇ ಉಳಿಯಿತು. ಅದನ್ನು ನೋಡಲು ಯಾರೂ ದುಡ್ಡು ಕೊಡಬೇಕಾಗಿರಲಿಲ್ಲ.

ಒಂದು ಮಾತಿನಲ್ಲಿ ಅಳಿಯನ ಆಟ ನಮ್ಮದಕ್ಕಿಂತ ಮೇಲು. ಅಲ್ಲಿ ಹೆಣ್ಣಾಗಿ ಕತ್ತಿ ಹಿಡಿದು ಹೊರಡಬಹುದು. ನಮ್ಮ ಅಕ್ಕ ದ್ರೌಪದಿಯ ಪದಗಳನ್ನೆಲ್ಲ ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು, ನಮ್ಮೂರ ಅಟ್ಟ ಅವಳಿಗೆ ತೆರೆಯಲಿಲ್ಲ. ದ್ರೌಪದಿಯಾಗಿ ನಿಂತವನು ಅವಳಷ್ಟು ಚೆನ್ನಾಗಿ ಹಾಡುತ್ತಿರಲಿಲ್ಲ. ಇದು ದೊಡ್ಡಾಟ ತನಗೆ ತಾನೇ ಮಾಡಿಕೊಂಡ ನಷ್ಟ.

ಆಟ ಕಡಿಮೆಯಾದದ್ದಕ್ಕೆ ಜನ ಟಿ.ವಿ.ಯನ್ನು ಬೈಯುತ್ತಾರೆ. ನಾನು ಕಂಡ ಹಾಗೆ ಮೊದಲು ಕಡಿಮೆಯಾದವರು ಮಾಸ್ತರರು. ಕಲಿಸುವವರು ತೀರಿಹೋದ ಮೇಲೆ ಬುಕ್ಕು ಇದ್ದರೂ ಮಟ್ಟು ಯಾರಿಗೂ ಗೊತ್ತಿಲ್ಲ. ಹುಡುಗರು ದುಡಿಯಲು ಹೊರಗೆ ಹೋದರು, ತಿಂಗಳುಗಟ್ಟಲೆ ರಾತ್ರಿ ಕೂಡುವುದು ಯಾರಿಗೂ ಸಾಧ್ಯವಿಲ್ಲ.

ಆದರೂ ಕಾಲ ಪೂರ್ತಿ ಕೈತಪ್ಪಿಲ್ಲ. ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಇತ್ತ ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್‌ಆಕ್ಟಿವ್ ಆಟಗಳ ಕೆಲಸ ಶುರು ಮಾಡಿತು. ಪುಣೆಯ ತಂಡವೊಂದು 2020ರಲ್ಲಿ ‘ರಾಜಿ’ ಅನ್ನುವ ಆಟದಲ್ಲಿ ನಮ್ಮ ಪುರಾಣಗಳನ್ನೇ ತಂದು ತೋರಿಸಿತು. ಬೆಂಗಳೂರಿನಲ್ಲಿ ಆಟ ಕಟ್ಟುವ ಹುಡುಗ ಹುಡುಗಿಯರೇ, ನಮ್ಮ ಕಡೆ ಎಲ್ಲಾದರೂ ದೊಡ್ಡಾಟ ಇದೆ ಅಂತ ಕೇಳಿದರೆ ಬಂದು ಬೆಳಗಿನವರೆಗೆ ಕೂತು ನೋಡಿ. ಮದ್ದಳೆಯ ಪೆಟ್ಟು ಹಿಡಿದುಕೊಳ್ಳಿ, ಭುಜಕೀರ್ತಿಯ ಅಳತೆ ತೆಗೆದುಕೊಳ್ಳಿ, ನಿಮ್ಮ ಆಟದ ಬಾಗಿಲಲ್ಲಿ ಕನ್ನಡದ ಸಾರಥಿಯೊಬ್ಬನನ್ನು ನಿಲ್ಲಿಸಿ.

ಊರಿನವರಿಗೆ ನನ್ನ ವಿನಂತಿ ಇಷ್ಟು. ಮನೆಯ ಅಟ್ಟದ ಮೇಲೆ, ಜಂತಿಯ ಸಂದಿನಲ್ಲಿ, ಹಳೇ ಟ್ರಂಕಿನಲ್ಲಿ ಅಜ್ಜನ ಆಟದ ಬುಕ್ಕು ಸಿಕ್ಕರೆ ರದ್ದಿಗೆ ಹಾಕಬೇಡಿ. ಪ್ರತಿ ಪುಟದ ಫೋಟೋ ತೆಗೆಯಿರಿ. ಆ ಪದಗಳ ಮಟ್ಟು ಬಲ್ಲ ಹಿರಿಯರು ಊರಲ್ಲಿದ್ದರೆ ಅವರಿಂದ ಹಾಡಿಸಿ, ಫೋನಿನಲ್ಲಿ ಮುದ್ರಿಸಿಕೊಳ್ಳಿ. ಈ ಸುಗ್ಗಿಯಲ್ಲೇ ಮಾಡಿ.