ಟೊಯೋಟಾ ಫೋರ್‌ರನ್ನರ್‌ಗೆ ಸೂಪರ್‌ಚಾರ್ಜರ್ ಅಳವಡಿಕೆ

ಸೂಪರ್‌ಚಾರ್ಜರ್ ಎಂಬುದು ಎಂಜಿನ್‌ನಿಂದಲೇ ಬೆಲ್ಟ್ ಮೂಲಕ ಚಾಲನೆ ಪಡೆದು, ಸಿಲಿಂಡರ್‌ಗಳಿಗೆ ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ಪೂರೈಸುವ ಸಾಧನ. ಅಮೆರಿಕದಲ್ಲಿ ಮಾರಾಟವಾದ ಮೂರನೇ ಪೀಳಿಗೆಯ (1996–2002) ಟೊಯೋಟಾ ಫೋರ್‌ರನ್ನರ್‌ನ 3.4 ಲೀಟರ್ ವಿ6 ಪೆಟ್ರೋಲ್ ಎಂಜಿನ್ 183 ಅಶ್ವಶಕ್ತಿಯದು. ಇದಕ್ಕೆಂದೇ ಟೊಯೋಟಾದ ಟಿಆರ್‌ಡಿ ವಿಭಾಗವು ರೂಟ್ಸ್ ಮಾದರಿಯ ಸೂಪರ್‌ಚಾರ್ಜರನ್ನು ಒದಗಿಸುತ್ತಿತ್ತು. ಇಂಟೇಕ್ ಮ್ಯಾನಿಫೋಲ್ಡ್‌ನ ಮೇಲ್ಭಾಗವನ್ನು ತೆಗೆದು ಆ ಸ್ಥಳದಲ್ಲಿ ಇದನ್ನು ಕೂರಿಸುವುದರಿಂದ, ಎಂಜಿನ್ ಇಳಿಸದೆ ಮನೆಯಲ್ಲಿಯೇ ಅಳವಡಿಸಲು ಸಾಧ್ಯ.

ಗಾಳಿಗೆ ತಕ್ಕಂತೆ ಇಂಧನವೂ ಹೆಚ್ಚದಿದ್ದರೆ ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ಕುಗ್ಗಿ, ನಾಕಿಂಗ್ ಉಂಟಾಗಿ, ಪಿಸ್ಟನ್‌ಗಳು ಹಾಳಾಗಬಹುದು. ಆದುದರಿಂದ ಹಳೆಯ ಎಂಜಿನ್‌ಗಳಲ್ಲಿ ಮೊದಲು ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಅಳೆಯಲಾಗುತ್ತದೆ. ಅಳವಡಿಕೆಯ ಬಳಿಕ ಹೆಚ್ಚಿನ ಆಕ್ಟೇನ್‌ನ ಪೆಟ್ರೋಲ್ ಬಳಸಿ, ಗಾಳಿ-ಇಂಧನ ಅನುಪಾತವನ್ನು ಮಾಪಕದಿಂದ ಗಮನಿಸಲಾಗುತ್ತದೆ. ಅಗತ್ಯವಿದ್ದರೆ ದೊಡ್ಡ ಇಂಜೆಕ್ಟರ್‌ಗಳನ್ನು ಜೋಡಿಸಿ, ಅವುಗಳಿಗೆ ಹೊಂದುವಂತೆ ಇಂಧನ ಪೂರೈಕೆಯ ನಿಯಂತ್ರಣವನ್ನೂ ಬದಲಿಸಲಾಗುತ್ತದೆ.