ಕೊಸರು

ನಮ್ಮ ಚಿಕ್ಕೇರೂರಿನ ಕಡೆ ಸಂತೆಯಲ್ಲಿ ಕಾಳು ಅಳೆಯುವ ಹೆಂಗಸರು ‘ಒಂದು’ ಅನ್ನುವುದಿಲ್ಲ. ಮೊದಲ ಸೇರನ್ನು ಚೀಲಕ್ಕೆ ಸುರಿಯುತ್ತ ‘ಲಾಭ’ ಅನ್ನುತ್ತಾರೆ. ಆಮೇಲೆ ‘ಎರಡ... ಮೂರ... ನಾಕ...’ ಐದು ಸೇರು ಮುಗಿದು ಚೀಲದ ಬಾಯಿ ಕಟ್ಟಬೇಕು ಅನ್ನುವಾಗ ಅವ್ವ ಚೀಲ ಬಿಡುತ್ತಿರಲಿಲ್ಲ. ‘ಕೊಸರ ಹಾಕ ಬೇ’ ಅನ್ನುತ್ತಿದ್ದಳು. ಮಾರುವಾಕೆ ಸೇರನ್ನು ಕೆಳಗಿಟ್ಟು, ಬರಿಗೈಯನ್ನೇ ರಾಶಿಗೆ ಹಾಕಿ, ಅರ್ಧ ಹಿಡಿ ಅಲಸಂದಿ ತೆಗೆದು ಮೇಲೆ ಚೆಲ್ಲುತ್ತಿದ್ದಳು. ಎಣಿಕೆ ಮಾರುವವಳ ಲಾಭದಿಂದ ಶುರುವಾಗಿ ಕೊಳ್ಳುವವಳ ಕೊಸರಿನಲ್ಲಿ ಮುಗಿಯುತ್ತಿತ್ತು. ಆ ಅರ್ಧ ಹಿಡಿಯನ್ನು ಯಾರೂ ಅಳೆದು ಕೊಟ್ಟದ್ದನ್ನು ನಾನು ಕಂಡಿಲ್ಲ. ಸೇರು ಕೆಳಗಿಟ್ಟ ಮೇಲೆಯೇ ಕೊಸರು.

ಹಾಲಿನಾಕೆ ಅಳತೆ ಮುಗಿಸಿ ಮೇಲೆ ಸುರಿಯುವ ಧಾರೆ ಕೊಸರು. ಬದನೆಕಾಯಿ ತೂಗಿದ ಮೇಲೆ ಚೀಲಕ್ಕೆ ಬೀಳುವ ಎರಡು ಹಸಿಮೆಣಸಿನಕಾಯಿ ಕೊಸರು. ಇನ್ನಷ್ಟು ಬೇಕೆಂದು ಜಗ್ಗಾಡಿದರೆ ಕೊಸರಾಟ. ಇದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಹಿಡಿದ ಕೈಯಿಂದ ಮಗು ಕೊಸರಿಕೊಂಡು ಓಡುತ್ತದೆ, ಹಗ್ಗ ಬಿಗಿದ ಕರು ಕೊಸರಾಡುತ್ತದೆ. ಎರಡೂ ಒಂದೇ ಬೇರಿನವೋ ಅಲ್ಲವೋ ಪಂಡಿತರು ಹೇಳಲಿ. ಸಂತೆಯಲ್ಲಿ ಬೆಳೆದ ನನಗೆ ಇವು ಬೇರೆ ಬೇರೆ ಅನ್ನಿಸಿಲ್ಲ.

ಪೇಟೆಯ ದೊಡ್ಡ ಅಂಗಡಿಗಳಲ್ಲಿ ‘ಒಂದು ಕೊಂಡರೆ ಒಂದು ಉಚಿತ’ ಎಂಬ ಫಲಕ ತೂಗುತ್ತದೆ. ಅದೂ ಕೊಸರೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಕಳೆದ ತಿಂಗಳು ಅಂಥ ಒಂದು ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿ ಟೊಮೆಟೊ ತೂಗಿಸಿದ ಮೇಲೆ ಒಂದು ಎಸಳು ಕರಿಬೇವು ಕೇಳಿದಳು. ಬಿಲ್ ಮಾಡುತ್ತಿದ್ದ ಹುಡುಗಿ ನಮ್ಮ ಕಡೆಯವಳೇ, ಮಾತಿನಲ್ಲೇ ಗೊತ್ತಾಗುತ್ತಿತ್ತು. ಒಮ್ಮೆ ಕರಿಬೇವಿನ ಕಡೆ ನೋಡಿದಳು, ಒಮ್ಮೆ ಮೇಲಿನ ಕ್ಯಾಮೆರಾ ಕಡೆ. ‘ಬರೂದಿಲ್ಲಜ್ಜಿ, ಬಿಲ್ ಆಗಬೇಕು’ ಅಂದಳು. ಅವಳಲ್ಲಿ ಕೊಡುವ ಮನಸ್ಸಿತ್ತು. ಕೊಡಲು ಅವಳದೆಂಬುದು ಅಲ್ಲಿ ಏನೂ ಇರಲಿಲ್ಲ. ಕೊಸರು ಹಾಕಬೇಕಾದರೆ ಮಾರುವವಳು ರಾಶಿಯ ಒಡತಿಯಾಗಿರಬೇಕು. ಫಲಕದ ‘ಉಚಿತ’ವನ್ನು ಯಾವುದೋ ಊರಿನ ಕಚೇರಿ ಮೊದಲೇ ಲೆಕ್ಕ ಹಾಕಿರುತ್ತದೆ. ಅದನ್ನು ನೀವು ಕೇಳುವಂತಿಲ್ಲ, ಅವಳು ಕೊಡುವಂತಿಲ್ಲ.

ಸಂತೆಯಲ್ಲಿ ತೂಕದ ಮೋಸ ಇರಲಿಲ್ಲ ಎಂದು ನಾನು ಹೇಳಲಾರೆ. ಒಳಗೆ ತಗ್ಗಿದ ಸೇರುಗಳನ್ನು ಕಂಡಿದ್ದೇನೆ. 1990ರಲ್ಲಿ ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗತೊಡಗಿದಾಗ ಬಡವರಿಗೆ ಒಂದು ರಕ್ಷಣೆ ಸಿಕ್ಕಿತು, ನಿಜ. ಆದರೆ ಅಚ್ಚಾದ ಬೆಲೆಯ ಎದುರು ಮಾತಿಲ್ಲ. ಬೀಜಕ್ಕೂ ಹಾಗೇ ಆಯಿತು. ನಮ್ಮಲ್ಲಿ ಬೀಜ ಅಂದರೆ ನೆರೆಮನೆಯಿಂದ ಅಳೆದು ತಂದು, ಸುಗ್ಗಿಯಲ್ಲಿ ಕೊಸರು ಸೇರಿಸಿ ತಿರುಗಿ ಕೊಡುವಂಥದ್ದು. 2002ರಲ್ಲಿ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಹತ್ತಿಬೀಜ ಅಂದರೆ ಕಂಪನಿಯ ಪೊಟ್ಟಣ, ವರ್ಷ ವರ್ಷ ಹೊಸದಾಗಿ ಕೊಳ್ಳಬೇಕು.

ಬೀಜದ ಮೇಲೆ ಕಂಪನಿಗಳ ಈ ಹಿಡಿತ ಬಿಗಿಯುವ ಮೊದಲೇ ಕೊಸರಾಡಿದವರು ಕರ್ನಾಟಕದ ರೈತರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರಾಜ್ಯ ರೈತ ಸಂಘ 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟಿತು. 1996ರ ಜನವರಿ 30ರಂದು, ಗಾಂಧಿ ಹುತಾತ್ಮರಾದ ದಿನವೇ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕರಿದ ಕೋಳಿ ಮಾರುವ ಕೆಎಫ್‌ಸಿ ಮಳಿಗೆಗೆ ಸಂಘದ ಹಸಿರು ಶಾಲಿನವರು ನುಗ್ಗಿದರು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಬೀಜ ಕಂಪನಿ ಮಾನ್ಸಾಂಟೊದ ಪ್ರಯೋಗದ ಹತ್ತಿಗೆ ಬೆಂಕಿ ಹಚ್ಚಿದರು. ಗಾಜು ಒಡೆಯುವುದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಮನುಷ್ಯರು ಉಣ್ಣಬೇಕಾದ ಕಾಳು ಕೋಳಿಯ ಮೇವಾಗಿ ಕಂಪನಿಯ ತಟ್ಟೆ ಸೇರುವುದೇಕೆ ಎಂಬ ಅವರ ಪ್ರಶ್ನೆಗೆ ಗಾಜಿನ ಲೆಕ್ಕ ಉತ್ತರವಲ್ಲ. ಇಂದು ನಮ್ಮ ಹಿರೇಕೆರೂರು ಸೀಮೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಅದರ ದೊಡ್ಡ ಪಾಲು ಹೋಗುವುದು ಕೋಳಿ ಮೇವಿಗೇ. ನಂಜುಂಡಸ್ವಾಮಿ 2004ರಲ್ಲಿ ತೀರಿಕೊಂಡರು. ಅವರ ಪ್ರಶ್ನೆ ನಮ್ಮ ಹೊಲದಲ್ಲೇ ನಿಂತಿದೆ.

ಕೊಸರಾಟಕ್ಕೆ ಮೆದುವಾದ ದಾರಿಯನ್ನೂ ನಾವು ಕಂಡಿದ್ದೇವೆ. ಹೆಗ್ಗೋಡಿನಲ್ಲಿ ‘ಚರಕ’ ಕೈಮಗ್ಗ ಸಂಸ್ಥೆ ಕಟ್ಟಿದ ರಂಗಕರ್ಮಿ ಪ್ರಸನ್ನ 2015ರಲ್ಲಿ ಬದನವಾಳಿನಲ್ಲಿ ಸರಳ ಬದುಕಿಗಾಗಿ ಸತ್ಯಾಗ್ರಹ ನಡೆಸಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು ಉಪವಾಸ ಕೂತರು. ಮಗ್ಗದವಳೂ ಕುಂಬಾರನೂ ತಮ್ಮ ರಾಶಿಗೆ ತಾವೇ ಒಡೆಯರಾಗಿ ಉಳಿಯಲಿ ಎಂಬುದೇ ಆ ಹಟದ ತಿರುಳು ಎಂದು ನಾನು ತಿಳಿದಿದ್ದೇನೆ.

ಇಷ್ಟರ ನಡುವೆ ಬೆಂಗಳೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟಿನ ನೂರಕ್ಕೆ 77 ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರಿಗೆ ಕೊಂಡಿತು. ಈಗ ಹಳ್ಳಿಯ ಹುಡುಗರ ಕೈಯ ಮೊಬೈಲಿನಲ್ಲೇ ಅಂಗಡಿ. ಅಲ್ಲಿ ಕೊಳ್ಳುವವನಿಗೆ ಮಾರುವವನ ಮುಖ ಕಾಣುವುದಿಲ್ಲ. ಕಾಣದ ಮುಖವನ್ನು ಕೊಸರು ಕೇಳುವುದು ಹೇಗೆ? ಪದಗಳು ಸಾಯುವುದು ಹೀಗೆಯೇ, ಹೇಳುವ ಸಂದರ್ಭ ತಪ್ಪಿ. ನನ್ನ ಮೊಮ್ಮಗಳಿಗೆ ‘ಆಫರ್’ ಗೊತ್ತು, ಕೊಸರು ಗೊತ್ತಿಲ್ಲ. ಅವಳನ್ನು ಮೊನ್ನೆ ಸಂತೆಗೆ ಕರೆದುಕೊಂಡು ಹೋದೆ. ಮೆಂತ್ಯ ಕೊಂಡು, ‘ಕೊಸರ ಹಾಕ್ರಿ’ ಅನ್ನು ಎಂದು ಹೇಳಿಕೊಟ್ಟೆ. ನಾಚುತ್ತ ಅಂದಳು. ಮಾರುವಾಕೆ ಅವಳ ಮುಖ ನೋಡಿ ನಾಲ್ಕು ಕಡ್ಡಿ ಕೊತ್ತಂಬರಿ ಮುರಿದು ಅಂಗೈಯಲ್ಲಿಟ್ಟಳು. ‘ಯಾರ ಮಗಳ ನೀ?’ ಅಂದಳು.

ನೀವೂ ಈ ವಾರ ನಿಮ್ಮೂರ ಸಂತೆಗೆ ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಾರುವಾಕೆ ಹೇಳಿದ ಬೆಲೆಯನ್ನು ಪೂರಾ ಕೊಡಿ, ಅಳತೆ ಮುಗಿಯುವವರೆಗೆ ಸುಮ್ಮನಿರಿ, ಆಮೇಲೆ ಕೈ ಚಾಚಿ ಕೊಸರು ಕೇಳಿ.