ರುಡಾಲ್ಫ್ ಕಾಲ್ಮನ್ ಮತ್ತು ಆಧುನಿಕ ನಿಯಂತ್ರಣ ಸಿದ್ಧಾಂತ

ನಿಯಂತ್ರಣ ಸಿದ್ಧಾಂತದ ಇತಿಹಾಸದಲ್ಲಿ 1960ನೆಯ ವರ್ಷವನ್ನು ಒಂದು ಗಡಿಗೆರೆಯಾಗಿ ಗುರುತಿಸುವುದು ವಾಡಿಕೆ. ಅದಕ್ಕೆ ಮುಖ್ಯ ಕಾರಣರಾದ ರುಡಾಲ್ಫ್ ಎಮಿಲ್ ಕಾಲ್ಮನ್ 1930ರ ಮೇ 19ರಂದು ಬುಡಾಪೆಸ್ಟ್ ನಗರದಲ್ಲಿ ವಿದ್ಯುತ್ ಎಂಜಿನಿಯರೊಬ್ಬರ ಮಗನಾಗಿ ಜನಿಸಿದರು. ಮಹಾಯುದ್ಧದ ನಡುವೆಯೇ, 1943ರಲ್ಲಿ, ಅಮೆರಿಕವನ್ನು ಸೇರಿದರು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿ, 1957ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು.

ಗದ್ದಲದಿಂದ ಕೂಡಿದ ಅಳತೆಗಳಿಂದ ನಿಜಸ್ಥಿತಿಯನ್ನು ಅಂದಾಜು ಮಾಡುವುದು ಹೇಗೆ ಎಂಬುದು ಆ ಕಾಲದ ಮುಖ್ಯ ಸಮಸ್ಯೆ. ನಾರ್ಬರ್ಟ್ ವೀನರ್ 1940ರ ದಶಕದಲ್ಲಿ ನೀಡಿದ್ದ ಪರಿಹಾರವು ಸಂಕೇತದ ಸಮಗ್ರ ಗತಕಾಲವನ್ನು ಅಪೇಕ್ಷಿಸುತ್ತಿತ್ತು. ಸಂಖ್ಯಾಶಾಸ್ತ್ರೀಯ ಲಕ್ಷಣಗಳು ಕಾಲದೊಡನೆ ಬದಲಾಗುವ ಕಡೆ ಅದು ನಿಲ್ಲುತ್ತಿರಲಿಲ್ಲ. ಕಾಲ್ಮನ್ ವ್ಯವಸ್ಥೆಯ ‘ಸ್ಥಿತಿ’ಯನ್ನೇ ಲೆಕ್ಕದ ಆಧಾರವಾಗಿಸಿದರು. ಹಿಂದಿನ ಅಂದಾಜಿನಿಂದ ಮುಂದಿನದನ್ನು ಊಹಿಸುವುದು, ಹೊಸ ಅಳತೆ ಬಂದೊಡನೆ ಎರಡರ ವಿಶ್ವಾಸಾರ್ಹತೆಯನ್ನು ತೂಗಿ ತಿದ್ದುವುದು: ಇಷ್ಟೇ ಅದರ ಕ್ರಮ. ಕೊನೆಯ ಅಂದಾಜು ಮತ್ತು ಅದರ ಅನಿಶ್ಚಿತತೆಯ ಅಳತೆಯನ್ನು ಇರಿಸಿಕೊಂಡರೆ ಸಾಕು. ಅಲ್ಪ ಸ್ಮರಣಶಕ್ತಿಯ ಅಂದಿನ ಗಣಕಗಳಿಗೆ ಇದು ವರದಾನವೇ ಆಯಿತು.

ಈ ಪ್ರಬಂಧ ಪ್ರಕಟವಾದದ್ದು ವಿದ್ಯುತ್ ವಿಭಾಗದವರ ಪತ್ರಿಕೆಯಲ್ಲಲ್ಲ, ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಪತ್ರಿಕೆಯಲ್ಲಿ. ಆರಂಭದಲ್ಲಿ ಅದನ್ನು ಅನುಮಾನದಿಂದ ಕಂಡವರೇ ಹೆಚ್ಚು. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ಸ್ಟ್ಯಾನ್ಲಿ ಶ್ಮಿಟ್ ಅದರ ಬೆಲೆಯನ್ನು ಬೇಗನೆ ಅರಿತು, ಚಂದ್ರಯಾನದ ಅರೇಖೀಯ ಸಮಸ್ಯೆಗೆ ಹೊಂದಿಸಿದರು. ಅಪೋಲೊ ನೌಕೆಗಳ ಪಥನಿರ್ಣಯದಲ್ಲಿ ಇದೇ ಬಗೆಯ ಲೆಕ್ಕಾಚಾರ ಬಳಕೆಗೆ ಬಂದಿತು. ಶೋಧಕದ ಕೀರ್ತಿ ಕಾಲ್ಮನ್ ಒಬ್ಬರಿಗೇ ಸಲ್ಲತಕ್ಕದ್ದಲ್ಲವೆಂಬ ವಾದವೂ ಉಂಟು. ಡೆನ್ಮಾರ್ಕಿನ ಥೀಲೆ, ಅಮೆರಿಕದ ಸ್ವರ್ಲಿಂಗ್, ರಷ್ಯದ ಸ್ಟ್ರಾಟನೋವಿಚ್ ಇವರ ಕೆಲಸದಲ್ಲಿ ಸಮೀಪದ ವಿಚಾರಗಳಿವೆ. ನಿರಂತರ ಕಾಲದ ರೂಪವು 1961ರಲ್ಲಿ ರಿಚರ್ಡ್ ಬ್ಯೂಸಿಯವರ ಜೊತೆಗೂಡಿ ಬಂದದ್ದು. ಆದರೆ 1960ರ ಮಾಸ್ಕೋ ಸಮ್ಮೇಳನದಲ್ಲಿ ಕಾಲ್ಮನ್ ಮುಂದಿಟ್ಟ ನಿಯಂತ್ರಣೀಯತೆ ಮತ್ತು ಅವಲೋಕನೀಯತೆಯ ಪರಿಕಲ್ಪನೆಗಳು, ಇವೆರಡೂ ಒಂದಕ್ಕೊಂದು ಪ್ರತಿಬಿಂಬಗಳೆಂಬ ಕಾಣ್ಕೆ, ಶೋಧಕಕ್ಕಿಂತಲೂ ಮೂಲಭೂತವಾದವು.

ಮುಂದೆ ಅವರು ಸ್ಟ್ಯಾನ್‌ಫರ್ಡ್, ಫ್ಲಾರಿಡ ಹಾಗೂ ಜ್ಯೂರಿಚ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. 1985ರಲ್ಲಿ ಕ್ಯೋಟೊ ಪ್ರಶಸ್ತಿ, 2008ರಲ್ಲಿ ಡ್ರೇಪರ್ ಪ್ರಶಸ್ತಿ ಸಂದವು. 2016ರ ಜುಲೈ 2ರಂದು ಗೇನ್ಸ್‌ವಿಲ್‌ನಲ್ಲಿ ನಿಧನರಾದರು. ಗದ್ದಲದ ಸಂಭವನೀಯತೆಯನ್ನು ಆಧರಿಸಿದ ಶೋಧಕದಿಂದ ಜಗತ್ಪ್ರಸಿದ್ಧರಾದ ಇವರೇ 1980ರ ದಶಕದಲ್ಲಿ, ದತ್ತಾಂಶದಿಂದ ಮಾದರಿಗಳನ್ನು ಕಟ್ಟುವಾಗ ಅಂತಹ ಊಹೆಗಳನ್ನು ಮೊದಲೇ ಹೇರುವುದು ಪೂರ್ವಗ್ರಹವೆಂದು ವಾದಿಸತೊಡಗಿದರು. ಸಂಖ್ಯಾಶಾಸ್ತ್ರಜ್ಞರಲ್ಲಿ ಈ ನಿಲುವಿಗೆ ಒಪ್ಪಿಗೆಗಿಂತ ವಿರೋಧವೇ ಹೆಚ್ಚಾಗಿ ದೊರೆಯಿತು.